ಬೆಂಚಣ್ಣ ಎದ್ದು ನಿಂತ ಸಂಜೆ

ಅವನಿಗೆ ಎರಡು ಹೆಸರು, ಎರಡೂ ಬೇರೆಯವರು ಇಟ್ಟದ್ದು. ಶಿಶುವಿಹಾರದ ಮಕ್ಕಳಿಗೆ ಅವನು ಗೇಟ್ ಮಾಮ. ಹಾಕಿ ತಂಡದವರಿಗೆ ಬೆಂಚಣ್ಣ. ಮೊದಲನೆಯದು ಅವನ ಕೆಲಸದಿಂದ ಬಂದದ್ದು, ಎರಡನೆಯದು ಕೆಲಸವಿಲ್ಲದ್ದರಿಂದ.

ಶಿಶುವಿಹಾರದ ಕೆಲಸ ಕೇಳುವುದಕ್ಕೆ ಸುಲಭ. ಮಕ್ಕಳನ್ನು ಬಿಡುವ ಹೊತ್ತಿಗೆ ಗೇಟಿನ ಒಂದು ಬಾಗಿಲು ತೆರೆದು, ಆ ಸಂದಿಯಲ್ಲಿ ನಿಂತು, ಮನೆಯವರು ಬಂದ ಮಗುವನ್ನಷ್ಟೇ ಹೊರಗೆ ಬಿಡಬೇಕು. ಮಿಕ್ಕವು ಬೀದಿಗೆ ನುಗ್ಗದಂತೆ ತಡೆಯಬೇಕು. ಆದರೆ ತಪ್ಪಿಸಿಕೊಳ್ಳಲೇಬೇಕೆಂದು ಮನಸ್ಸು ಮಾಡಿದ ನಾಲ್ಕು ವರ್ಷದ ಮಗು ಎಂಥದೆಂಬುದು, ಒಂದು ಕೈಯಲ್ಲಿ ಟವೆಲು ಹಿಡಿದು ಅದರ ಹಿಂದೆ ಮನೆಯೆಲ್ಲ ಓಡಿದವರಿಗೇ ಗೊತ್ತು. ಎಡಕ್ಕೆ ನೋಡಿ ಬಲಕ್ಕೆ ನುಗ್ಗುತ್ತದೆ. ಅಳುವ ಹಾಗೆ ನಟಿಸಿ ಕಾಲ ಸಂದಿಯಲ್ಲಿ ನುಸುಳುತ್ತದೆ. ನಿಂತಲ್ಲೇ ಗಿರ್ರನೆ ಒಂದು ಸುತ್ತು ಸುತ್ತಿ, ನಮ್ಮ ತಲೆ ತಿರುಗುವಷ್ಟರಲ್ಲಿ ಮಾಯವಾಗುತ್ತದೆ. ಕೆಲವು ತಿಂಗಳು ಚೆನ್ನಾಗಿ ಏಮಾರಿದ ಮೇಲೆ ಅವನಿಗೆ ಒಂದು ಗುಟ್ಟು ಹೊಳೆದಿತ್ತು: ಯಾರು ಮೊದಲು ಅಲುಗಾಡುತ್ತಾರೋ ಅವರು ಸೋತರು. ಅಂದಿನಿಂದ ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ, ಮೀನಿಗೆ ಕಾದ ಕೊಕ್ಕರೆಯಂತೆ ನಿಲ್ಲುವುದನ್ನು ಕಲಿತ. ಮಗು ಹತ್ತಿರ ಬಂದಾಗ ಮೆಲ್ಲಗೆ, "ಎಲ್ಲಿಗೆ ಪುಟ್ಟಾ ಸವಾರಿ?" ಎನ್ನುತ್ತಿದ್ದ. ಅಷ್ಟಕ್ಕೇ ಅದು ಮುಖ ಊದಿಸಿಕೊಂಡು ಹಿಂದಕ್ಕೆ ಹೋಗುತ್ತಿತ್ತು.

ಇನ್ನು ಎರಡನೆಯ ಹೆಸರಿನ ಕಥೆ. ರಾಷ್ಟ್ರೀಯ ಪುರುಷರ ಹಾಕಿ ಲೀಗಿನಲ್ಲಿ ಅವರ ಊರಿನದೂ ಒಂದು ತಂಡವಿತ್ತು. ಅದರಲ್ಲಿ ಅವನು ಎರಡನೆಯ ಗೋಲ್‌ಕೀಪರ್. ಅಂದರೆ ಮೊದಲನೆಯವನಿಗೆ ಏನಾದರೂ ಆದರೆ ಇರಲಿ ಎಂದು ಇಟ್ಟುಕೊಂಡವನು. ಮೊದಲನೆಯವನನ್ನು ಎಲ್ಲರೂ ಕೋಟೆ ಎಂದು ಕರೆಯುತ್ತಿದ್ದರು. ಗಟ್ಟಿ ಆಳು, ನೆಗಡಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಹೀಗಾಗಿ ಬೆಂಚಣ್ಣ ಎಂಟು ಸೀಸನ್ ಅಭ್ಯಾಸದಲ್ಲಿ ಬೆವರು ಸುರಿಸಿ, ಪಂದ್ಯದ ದಿನ ಪ್ಯಾಡು ಕಟ್ಟಿಕೊಂಡು ಬೆಂಚಿನ ಮೇಲೆ ಕೂತು, ಅದೇ ಪ್ಯಾಡು ಬಿಚ್ಚಿಕೊಂಡು ಮನೆಗೆ ಬಂದಿದ್ದ. ಲೀಗಿನಲ್ಲಿ ಒಂದೇ ಒಂದು ಚೆಂಡನ್ನೂ ತಡೆದಿರಲಿಲ್ಲ. ನಗುವವರು ನಗಬಹುದು. ಆದರೆ ಬೆಂಚಿನ ತನಕವೂ ಹೋಗದೆ, ಸೋಫಾದಲ್ಲಿ ಒರಗಿಕೊಂಡು ಆಟಗಾರರಿಗೆ ಬುದ್ಧಿ ಹೇಳುವ ನಮ್ಮಂಥವರು ಸ್ವಲ್ಪ ಮೆಲ್ಲಗೆ ನಗುವುದು ಒಳ್ಳೆಯದು.

ಮನೆಯಲ್ಲಿ ಮಾತ್ರ ಈ ಆಟ ಇನ್ನೊಂದು ರೂಪದಲ್ಲಿ ಪ್ರಸಿದ್ಧವಾಗಿತ್ತು. ಗೋಲ್‌ಕೀಪರನ ಸಾಮಾನಿನ ಚೀಲ ಎಷ್ಟು ದೊಡ್ಡದೋ ಅದರ ವಾಸನೆ ಅದಕ್ಕಿಂತ ದೊಡ್ಡದು. ವರ್ಷಗಟ್ಟಲೆ ಬೆವರು ಕುಡಿದ ಪ್ಯಾಡು, ಎದೆಕವಚ, ಕೈಗವಸು ಎಲ್ಲವೂ ಸೇರಿ ಒಂದು ಹೊಸ ಜೀವಿಯೇ ಹುಟ್ಟಿಕೊಂಡಿತ್ತು. ಅದರ ವಾಸ ಬಾಲ್ಕನಿಯಲ್ಲಿ. ಅವನ ಹೆಂಡತಿ ಮನೆಯಲ್ಲೇ ಸ್ಕೂಲು ಯೂನಿಫಾರ್ಮು ಹೊಲಿಯುವವಳು. ಪ್ರತಿ ವರ್ಷ ಕಿತ್ತುಹೋದ ಪ್ಯಾಡಿನ ಪಟ್ಟಿಯನ್ನು ಮೂಗಿಗೆ ಸೆರಗು ಕಟ್ಟಿಕೊಂಡು ಹೊಲಿದುಕೊಟ್ಟು, ಹೊಲಿದಷ್ಟು ಹೊತ್ತೂ ಬಯ್ಯುತ್ತಿದ್ದಳು.

"ಆಡದೇನೇ ಇಷ್ಟು ನಾರುತ್ತಲ್ಲಾ ರೀ, ಆಡಿದ್ರೆ ಏನು ಗತಿ?"

ಮೇಲಿನ ಮನೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು ಬಿಸಿಲೇರಿದ ದಿನ ಮೇಲಿಂದಲೇ ಬಗ್ಗಿ, "ನಿಮ್ಮ ಬಾಲ್ಕನೀಲಿ ಏನೋ ಸತ್ತಿದೆ, ನೋಡಿಮ್ಮಾ" ಎನ್ನುತ್ತಿದ್ದರು.

ಈ ಸೀಸನ್ ಶುರುವಾಗುವ ಮೊದಲು ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು. "ಇದೇ ಕೊನೆ. ಈ ವರ್ಷವೂ ಕೂತೇ ಬಂದ್ರೆ, ಚೀಲ ಸೀದಾ ಗುಜರಿಗೆ."

ಅವನು ಒಪ್ಪಿದ. ತನಗೂ ನಲವತ್ತು ಹತ್ತಿರವಾಗಿತ್ತು, ಬಗ್ಗಿದರೆ ಸೊಂಟ ತನ್ನ ಅಭಿಪ್ರಾಯ ತಿಳಿಸುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಆ ಗೋಲಿನ ಮುಂದೆ ನಿಲ್ಲಬೇಕು ಅನ್ನುವುದೊಂದೇ ಆಸೆ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಹೇಳಿದರೆ ಕೋಟೆಗೆ ಕೆಟ್ಟದ್ದು ಬಯಸಿದ ಹಾಗಾಗುತ್ತದಲ್ಲ.

ಸೀಸನ್ ಅಧ್ವಾನವಾಗಿ ಸಾಗಿತು. ತಂಡ ಅಂಕಪಟ್ಟಿಯ ತಳದಲ್ಲಿ ಚಾಪೆ ಹಾಸಿಕೊಂಡು ಮಲಗಿತು. ಲೀಗಿನ ನಿಯಮದಂತೆ ಪಂದ್ಯ ಸಮವಾದರೆ ಶೂಟೌಟ್, ಅದನ್ನು ಗೆದ್ದವರಿಗೆ ಒಂದು ಹೆಚ್ಚಿನ ಅಂಕ. ಎದುರಾಳಿಗಳು ಐದು ಜನ ಒಬ್ಬೊಬ್ಬರಾಗಿ ದೂರದಿಂದ ಚೆಂಡು ತಳ್ಳಿಕೊಂಡು ಬರುತ್ತಾರೆ. ಗೋಲ್‌ಕೀಪರ್ ಒಬ್ಬನೇ ಅಡ್ಡ. ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು, ಇಲ್ಲದಿದ್ದರೆ ಸೀಟಿ. ಪಂದ್ಯದಲ್ಲಿ ಹುಲಿಯಾಗಿದ್ದ ಕೋಟೆ ಶೂಟೌಟಿನಲ್ಲಿ ಮಾತ್ರ ತಾಳ್ಮೆ ಕಳೆದುಕೊಳ್ಳುತ್ತಿದ್ದ. ಎದುರಿನವನು ಭುಜ ಅಲ್ಲಾಡಿಸಿದರೆ ಸಾಕು, ದಡಾರನೆ ಬೀಳುತ್ತಿದ್ದ. ಬಿದ್ದ ಕೋಟೆಯನ್ನು ಸುತ್ತಿ ಹೋಗಿ ಗೋಲು ಹೊಡೆಯುವುದು ಯಾರಿಗೂ ಕಷ್ಟವಾಗಲಿಲ್ಲ. ಆ ವರ್ಷ ಆಡಿದ ಶೂಟೌಟುಗಳನ್ನೆಲ್ಲ ತಂಡ ಹಾಗೆಯೇ ಸೋತಿತು.

ಕೊನೆಯ ಪಂದ್ಯದ ವಾರ, ತಂಡದ ಕೋಚ್ ಶಿಶುವಿಹಾರಕ್ಕೆ ಬಂದರು. ಮೊಮ್ಮಗಳನ್ನು ಕರೆದುಕೊಂಡು ಹೋಗಬೇಕಿದ್ದ ಮಗಳಿಗೆ ಅಂದು ಪುರುಸೊತ್ತಿರಲಿಲ್ಲ. ಆ ಮೊಮ್ಮಗಳಿಗೆ ಎಲ್ಲರೂ ಇಟ್ಟ ಹೆಸರು ಬುಗುರಿ, ಮತ್ತು ಅದು ಪ್ರೀತಿಯಿಂದಷ್ಟೇ ಇಟ್ಟ ಹೆಸರಲ್ಲ. ತಾತನನ್ನು ಕಂಡದ್ದೇ ಅವಳು ಅಂಗಳದಲ್ಲಿ ಓಡತೊಡಗಿದಳು. ಒಂದು ಕಾಲಕ್ಕೆ ದೊಡ್ಡ ಡಿಫೆಂಡರ್ ಅನ್ನಿಸಿಕೊಂಡಿದ್ದ ಕೋಚ್ ಅವಳನ್ನು ಹಿಡಿಯಲು ಹೋಗಿ, ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಕೊನೆಗೆ ಮರಳಿನ ಗುಂಡಿಯಲ್ಲಿ ಕೂತರು. ಬುಗುರಿ ಗೇಟಿನ ಕಡೆ ಹಾರಿದಳು. ಅಲ್ಲಿ ಕೊಕ್ಕರೆ ನಿಂತಿತ್ತು.

ಅವಳು ಎಡಕ್ಕೆ ತೋರಿಸಿದಳು. ಅವನು ಅಲುಗಲಿಲ್ಲ. ಬಲಕ್ಕೆ ತೋರಿಸಿದಳು. ಅಲುಗಲಿಲ್ಲ. ಒಂದು ಸುತ್ತು ಸುತ್ತಿ ಕಾಲ ಸಂದಿಗೆ ನುಗ್ಗಿದಳು. ಮೊಣಕಾಲು ಮುಚ್ಚಿಕೊಂಡವು.

"ಎಲ್ಲಿಗೆ ಪುಟ್ಟಾ ಸವಾರಿ?"

ಕೋಚ್ ಮರಳು ಕೊಡವಿಕೊಂಡು ಎದ್ದು ಬಂದು, ಮೊಮ್ಮಗಳ ಕೈ ಹಿಡಿದುಕೊಂಡು, ಬೆಂಚಣ್ಣನನ್ನು ಮೇಲಿಂದ ಕೆಳಗೆ ನೋಡಿದರು.

"ದಿನಾ ಇದೇನಾ ನಿನ್ನ ಕೆಲಸ?"

"ಹೂಂ ಸರ್. ಶನಿವಾರ ಮಾತ್ರ ಅರ್ಧ ದಿನ."

"ಹೂಂ" ಎಂದು ಕೋಚ್ ಹೊರಟುಹೋದರು. ಬೆಂಚಣ್ಣ ಅದರಲ್ಲಿ ಏನೂ ಅರ್ಥ ಹುಡುಕಲಿಲ್ಲ.

ಕೊನೆಯ ಪಂದ್ಯ ತವರಿನಲ್ಲೇ ಇತ್ತು. ಆ ಒಂದು ಹೆಚ್ಚಿನ ಅಂಕ ಬಂದರೂ ತಂಡ ಲೀಗಿನಲ್ಲಿ ಉಳಿಯುತ್ತಿತ್ತು, ಇಲ್ಲದಿದ್ದರೆ ಕೆಳ ದರ್ಜೆಗೆ ಜಾರುತ್ತಿತ್ತು. ಅಂದು ಮೊದಲ ಸಲ ಅವನ ಹೆಂಡತಿಯೂ ಮೈದಾನಕ್ಕೆ ಬಂದಿದ್ದಳು. ಆಟ ನೋಡುವುದಕ್ಕಲ್ಲ. "ಗುಜರಿ ಅಂಗಡಿ ಸ್ಟೇಡಿಯಂ ಪಕ್ಕಾನೇ ಇದೆ. ಹೋಗ್ತಾ ಚೀಲ ಕೊಟ್ಟೇ ಹೋಗೋಣ" ಎಂದು ಬಂದವಳು.

ಕೋಟೆ ಚೆನ್ನಾಗಿಯೇ ಆಡಿದ. ಪಂದ್ಯ ಸಮವಾಗಿ ಮುಗಿಯಿತು. ಶೂಟೌಟ್ ಅಂದಕೂಡಲೇ ಪ್ರೇಕ್ಷಕರು ನಿಟ್ಟುಸಿರು ಬಿಟ್ಟು ಚಪ್ಪಲಿ ಹುಡುಕಿಕೊಳ್ಳತೊಡಗಿದರು. ಆಗ ಕೋಚ್ ಬೆಂಚಿನ ಕಡೆ ತಿರುಗಿದರು.

"ಏಳು."

ಬೆಂಚಣ್ಣ ಹಿಂದಕ್ಕೆ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

"ನಿನಗೇ ಹೇಳ್ತಿರೋದು ಮಾರಾಯ."

ಕೋಟೆಯ ಮುಖ ಸಣ್ಣದಾಯಿತು. "ಸರ್, ಇವನಾ? ಇವನು ಒಂದು ಪಂದ್ಯಾನೂ ಆಡಿಲ್ಲ."

"ನನ್ನ ಮೊಮ್ಮಗಳನ್ನೇ ಬಿಡದೋನು, ಇವರನ್ನ ಬಿಡ್ತಾನಾ?"

ಕೋಟೆ ಬಂದು ಬೆಂಚಣ್ಣನ ಹೆಲ್ಮೆಟಿನ ಪಟ್ಟಿಯನ್ನು ತಾನೇ ಬಿಗಿದ. "ಹೋಗು. ಬಿದ್ದರೆ ನನ್ನ ಥರ ಬೀಳ್ಬೇಡ."

ಬೆಂಚಣ್ಣ ಗೋಲಿನ ಕಡೆ ನಡೆದ. ಅದರ ಮುಂದೆ ನಿಂತು ತಿರುಗಿ ನೋಡಿದರೆ ಮೈದಾನ ಅಂಗಳದ ಹಾಗೇ ಇತ್ತು, ಸ್ವಲ್ಪ ದೊಡ್ಡದು. ಮೊಣಕಾಲು ತಾವಾಗಿಯೇ ಬಗ್ಗಿದವು, ಕೈ ಅಗಲವಾದವು.

ಮೊದಲನೆಯವನು ಬಂದು ಭುಜ ಅಲ್ಲಾಡಿಸಿದ. ಕೊಕ್ಕರೆ ನಿಂತೇ ಇತ್ತು. ಮತ್ತೆ ಅಲ್ಲಾಡಿಸಿದ. ಬೆಂಚಣ್ಣ ಯಾವಾಗ ಬೀಳುತ್ತಾನೆಂದು ಅವನು ಕಾಯುತ್ತಿದ್ದಂತೆಯೇ ಸೀಟಿಯಾಯಿತು. ಎರಡನೆಯವನು ಅವಸರದಲ್ಲಿ ಪ್ಯಾಡಿಗೇ ಹೊಡೆದ. ಮೂರನೆಯವನು ಬರುವಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು. ಅದನ್ನು ಕೇಳಿ ಉಬ್ಬಿಹೋದ ಬೆಂಚಣ್ಣ ತಾನೇ ಮೊದಲು ಅಲುಗಾಡಿದ, ಗೋಲಾಯಿತು. ತಕ್ಕ ಶಾಸ್ತಿ ಎಂದು ತನ್ನನ್ನೇ ಬೈದುಕೊಂಡ. ನಾಲ್ಕನೆಯವನು ಚೆಂಡನ್ನು ಅವನ ಪಕ್ಕದಿಂದ ದಾಟಿಸಲು ಹೋಗಿ ಕಂಬಕ್ಕೆ ಹೊಡೆದ. ಈ ಕಡೆಯವರು ತಮ್ಮ ಐದೂ ಅವಕಾಶದಲ್ಲಿ ಹೆಚ್ಚಿನವನ್ನು ಹಾಳುಮಾಡಿ, ಹೇಗೋ ಎರಡು ಗೋಲು ಹೊಡೆದಿದ್ದರು. ಎದುರಾಳಿಗಳದು ಒಂದು. ಉಳಿದದ್ದು ಅವರ ಕ್ಯಾಪ್ಟನ್ ಮಾತ್ರ.

ಆ ವರ್ಷ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು ಅವನೇ. ಬಾಗಿಲು ತಗ್ಗಿದ್ದರೆ ಬಗ್ಗಿ ಬರಬೇಕಾದಷ್ಟು ಎತ್ತರ. ಗಾಳಿಯಂತೆ ಬಂದು ಎಡಕ್ಕೆ ತೋರಿಸಿದ. ಬಲಕ್ಕೆ ತೋರಿಸಿದ. ಕೊನೆಗೆ ಚೆಂಡಿನೊಂದಿಗೆ ಗಿರ್ರನೆ ಒಂದು ಸುತ್ತು ಸುತ್ತಿದ. ಆ ಸುತ್ತು ಬೆಂಚಣ್ಣನಿಗೆ ಚಿರಪರಿಚಿತ. ದಿನವೂ ಕಂಡದ್ದೇ. ಅಭ್ಯಾಸಬಲ, ಬಾಯಿ ತಪ್ಪಿತು.

"ಎಲ್ಲಿಗೆ ಪುಟ್ಟಾ ಸವಾರಿ?"

ಕ್ಯಾಪ್ಟನ್ ಒಂದು ಕ್ಷಣ ತಲೆಯೆತ್ತಿ ನೋಡಿದ. ಆಮೇಲೆ ಸಿಟ್ಟಿನಿಂದ ಕಾಲ ಸಂದಿಗೇ ಚೆಂಡು ಬಾರಿಸಿದ. ಮೊಣಕಾಲು ಮುಚ್ಚಿಕೊಂಡವು. ಸೀಟಿಯಾಯಿತು.

ಮುಂದೆ ಏನಾಯಿತೆಂಬುದು ಬೆಂಚಣ್ಣನಿಗೆ ಸರಿಯಾಗಿ ನೆನಪಿಲ್ಲ, ಏಕೆಂದರೆ ಕೋಟೆ ಮೊದಲು ಬಂದು ಅವನ ಮೇಲೆ ಬಿದ್ದ, ಕೋಟೆಯ ಮೇಲೆ ಇಡೀ ತಂಡ ಬಿತ್ತು. ರಾಶಿಯ ಕೆಳಗಿನಿಂದ ಅವನಿಗೆ ಕೇಳಿಸಿದ್ದು ಕ್ಯಾಪ್ಟನ್ ಅಂಪೈರಿಗೆ ಕೊಡುತ್ತಿದ್ದ ದೂರು ಮಾತ್ರ.

"ಅವನು ನನ್ನನ್ನ ಪುಟ್ಟಾ ಅಂದ."

"ಗೋಲು ಹೊಡೀಬೇಡ ಅಂತ ಹೇಳಿಲ್ವಲ್ಲ. ನಡೀರಿ, ಕೈ ಕುಲುಕಿ."

ಮೈದಾನದಿಂದ ಹೊರಬಂದಾಗ ಹೆಂಡತಿ ಗೇಟಿನ ಹತ್ತಿರ ಕಾಯುತ್ತಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಗುಜರಿ ಅಂಗಡಿಯ ದೀಪ ಎದುರಿಗೇ ಉರಿಯುತ್ತಿತ್ತು. ಅವನು ಚೀಲ ಕೆಳಗಿಟ್ಟು ಅವಳ ಮುಖ ನೋಡಿದ. ಅವಳು ಅಂಗಡಿಯ ಕಡೆ ತಿರುಗಿಯೂ ನೋಡದೆ ಚೀಲದ ಒಂದು ಕಿವಿ ಹಿಡಿದು, "ಆ ಕಡೆ ನೀವು ಹಿಡೀರಿ, ಭಾರ ಇದೆ" ಎಂದಳು.

ಸೋಮವಾರ ಬುಗುರಿ ಗೇಟಿನಲ್ಲಿ ಅವನನ್ನು ತಡೆದು ವಿಚಾರಿಸಿದಳು. "ಮಾಮಾ, ನೀನು ದೊಡ್ಡವರನ್ನೆಲ್ಲಾ ಹಿಡಿದೆಯಂತೆ. ತಾತ ಹೇಳಿದ್ರು."

"ಹಿಡಿದೆ ಪುಟ್ಟಾ."

"ಅವರಿಗೆ ಓಡೋಕೆ ಬರಲ್ಲ ಅನ್ಸುತ್ತೆ" ಎಂದು ಹೇಳಿ, ಅವನು ನಗುತ್ತಿದ್ದ ಆ ಒಂದು ಗಳಿಗೆಯಲ್ಲೇ ಅವನ ಕಾಲ ಸಂದಿಯಿಂದ ನುಸುಳಿ, ಹೊರಗೆ ನಿಂತಿದ್ದ ತಾಯಿಯ ತೊಡೆ ಅಪ್ಪಿಕೊಂಡಳು.

ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿ ಪ್ಯಾಡುಗಳನ್ನು ಚೀಲದಿಂದ ತೆಗೆದು, ಮೂಗಿಗೆ ಸೆರಗೂ ಕಟ್ಟಿಕೊಳ್ಳದೆ, ಬೀದಿಯವರಿಗೆಲ್ಲ ಕಾಣುವ ಹಾಗೆ ಬಾಲ್ಕನಿಯ ಕಂಬಿಯ ಮೇಲೆ ಹರವುತ್ತಿದ್ದಳು. ಮೇಲಿನಿಂದ ಹೆಡ್‌ಮಾಸ್ಟರು ಬಗ್ಗಿದರು.

"ಏನಮ್ಮಾ, ಗುಜರಿಗೆ ಹಾಕ್ತೀನಿ ಅಂದಿದ್ರಿ. ಇವತ್ತು ವಾಸನೆ ಇನ್ನೂ ಜಾಸ್ತಿ ಆಗಿದೆಯಲ್ಲ?"

"ಜಾಸ್ತೀನೇ ಇರುತ್ತೆ ಮೇಷ್ಟ್ರೇ" ಎಂದಳು ಅವಳು, ಕಟ್ಟಿದ ಗಂಟಲಿನಲ್ಲೇ. "ಇದು ಆಡಿದ ಪ್ಯಾಡು."