ಒಂದು ಅರ್ಜಿಯ ಹಿಂದೆ ಮೂರು ದಿನ

ಗುರುವಾರ ಬೆಳಿಗ್ಗೆ ಎಂಟೂವರೆಗೆ ಗಂಗಾವತಿಯಲ್ಲಿ ಇಳಿದೆ. ಕಾಲುವೆಗೆ ನೀರು ಬಿಟ್ಟಿದ್ದರು. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಆಗಷ್ಟೇ ನಾಟಿಯಾದ ಭತ್ತದ ಗದ್ದೆ, ಬಸ್ಸಿನೊಳಗೂ ಕೆಸರಿನ ವಾಸನೆ. ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಅಕ್ಕಿ ಗಿರಣಿಯ ದಾರಿ ಹಿಡಿದೆ.

ಆ ಗಿರಣಿಯ ಹಿರಿಯರು ಒಂದು ಸಣ್ಣ ಟ್ರಸ್ಟ್ ನಡೆಸುತ್ತಾರೆ. ಶಿಕ್ಷಕರು ಹೋಗಲು ಒಪ್ಪದ ಒಣಭೂಮಿಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕರಿಗೆ, ಸರ್ಕಾರದ ಗೌರವಧನದ ಮೇಲೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಕೊಡುತ್ತಾರೆ. ಯಾರಿಗೆ ಕೊಡಬೇಕು ಎಂಬ ನಿಯಮಗಳನ್ನು ಬರೆದುಕೊಟ್ಟವನು ನಾನು. ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವನೆಂದು ಕರೆದಿದ್ದರು. ಹೊರಗಿನಿಂದ ಬರುವವರಿಗೆ ಮಾತ್ರ ಎಂಬುದು ನನ್ನ ಮೂರನೆಯ ನಿಯಮ. ಊರಿನಲ್ಲೇ ಇರುವವರು ಹೇಗೂ ಇರುತ್ತಾರೆ, ಅವರಿಗೆ ಕೊಟ್ಟ ಹಣದಿಂದ ಹೊಸ ಶಿಕ್ಷಕ ಹುಟ್ಟುವುದಿಲ್ಲ ಎಂದು ವಾದಿಸಿದ್ದೆ. ಎಲ್ಲರೂ ತಲೆದೂಗಿದ್ದರು.

ಟ್ರಸ್ಟಿನ ಕಾರ್ಯದರ್ಶಿ ಸುಬ್ಬರಾಯರು ಒಂದು ಅರ್ಜಿಯನ್ನು ನನ್ನ ಮುಂದಿಟ್ಟರು. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆ, ಗಣಿತದ ಅತಿಥಿ ಶಿಕ್ಷಕಿ, ಹೆಸರು ಶಾರದಾ. 'ಸ್ವಂತ ಊರು' ಎಂಬಲ್ಲಿ ಅದೇ ಹಳ್ಳಿಯ ಹೆಸರಿತ್ತು.

“ಈಕಿ ಲೋಕಲ್ ಸರ. ನಿಮ್ಮ ರೂಲ್ ಪ್ರಕಾರ ಆಗೂದಿಲ್ಲ. ಆದ್ರ ಅಲ್ಲಿ ಹೆಡ್ ಮಾಸ್ತರು ದಿನಾ ಫೋನ್ ಹಚ್ಚಿ ನನ್ನ ಊಟಾ ಕೆಡಸ್ತಾರ. ನೀವ ಹೋಗಿ ನೋಡಿ, ಯಾಕ ಆಗೂದಿಲ್ಲಂತ ಎರಡು ಸಾಲು ಬರದುಕೊಡ್ರಿ. ಶನಿವಾರ ನಾಲ್ಕಕ್ಕ ಮೀಟಿಂಗ್ ಐತಿ.”

ನಿರಾಕರಣೆಯ ಎರಡು ಸಾಲು ಬಸ್ಸಿನಲ್ಲೇ ಬರೆದುಬಿಡಬಹುದು ಎಂದುಕೊಂಡೆ. ಮಧ್ಯಾಹ್ನ ಕುಷ್ಟಗಿ ಬಸ್ ಹತ್ತಿದೆ. ಕನಕಗಿರಿ, ತಾವರಗೇರಾ ದಾಟುವಷ್ಟರಲ್ಲಿ ಹಸಿರು ಹಿಂದುಳಿದು ಕಲ್ಲು ಗುಡ್ಡ, ಸಜ್ಜೆ ಹೊಲ, ದಾಳಿಂಬೆ ತೋಟಗಳ ತಂತಿಬೇಲಿ ಶುರುವಾದವು. ಎರಡು ಗಂಟೆಯ ಮೇಲಾಯಿತು. ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಕುಳಿತಿದ್ದ ಹೆಂಗಸೊಬ್ಬಳು, ನೂರರ ನೋಟಿನ ಚಿಲ್ಲರೆಗೆ ಕಂಡಕ್ಟರನ ಹಿಂದೆ ಬಿದ್ದಿದ್ದ ನನ್ನನ್ನು ನೋಡಿ ನಗುತ್ತಿದ್ದಳು.

ಕುಷ್ಟಗಿ ನಾನು ಹೈಸ್ಕೂಲು ಓದಿದ ಊರು. ನನಗೆ ಬೀಜಗಣಿತ ಕಲಿಸಿದ ಮಾಸ್ತರರು ಈಗಿಲ್ಲ. ಅವರ ಹೆಂಡತಿ ನೀಲಮ್ಮ ಇದ್ದಾರೆ. ಅವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ನನ್ನ ಹಳೆಯ ನೆನಪೊಂದನ್ನು ಹೇಳಿದೆ. ಮಾಸ್ತರರು ದೂರದೂರಿನಿಂದ ಬಂದು ನಮ್ಮೂರಲ್ಲಿ ಇಳಿದದ್ದು, ಬಸ್ಸಿನ ಬಾಗಿಲಲ್ಲಿ ಅವರ ಕೈಯಲ್ಲಿದ್ದ ಬೀಗ ಹಾಕಿದ ಕಬ್ಬಿಣದ ಟ್ರಂಕು. ಕಲಿಸುವವರು ಹೊರಗಿನಿಂದಲೇ ಬರಬೇಕೆಂಬ ನನ್ನ ನಂಬಿಕೆ ಹುಟ್ಟಿದ್ದು ಆ ಟ್ರಂಕಿನಿಂದ. ಎಷ್ಟೋ ಭಾಷಣಗಳಲ್ಲಿ ಅದನ್ನು ವರ್ಣಿಸಿದ್ದೇನೆ.

ನೀಲಮ್ಮ ಲೋಟ ಕೆಳಗಿಟ್ಟರು. “ಯಾವ ದೂರದೂರು, ತಮ್ಮಾ? ಅವರು ಇಲ್ಲೇ ಮಗ್ಗಲ ಹಳ್ಳ್ಯಾವರು. ದಿನಾ ಸೈಕಲ್ ಮ್ಯಾಲ ಬರ್ತಿದ್ರು.”

“ಮತ್ತ ಆ ಟ್ರಂಕು, ಅಮ್ಮಾ?”

“ಅದು ಪರೀಕ್ಷಾದ ಪೇಪರ್ ಪೆಟಗಿ! ಬೆನ್ನಿಗೆ ಪೊಲೀಸ ಇರ್ತಿದ್ದ, ನೆನಪಿಲ್ಲೇನ ನಿನಗ?”

ಪೊಲೀಸ ನೆನಪಿದ್ದ. ಅವನೂ ಒಬ್ಬ ಪ್ರಯಾಣಿಕ ಎಂದು ಇಷ್ಟು ವರ್ಷ ತಿಳಿದಿದ್ದೆ. ನೀಲಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನಗು ಬರಲಿಲ್ಲ. ಲಾಡ್ಜಿನಲ್ಲಿ ಮಲಗಿದಾಗ, ಆ ಬಸ್ಸಾದರೂ ನಿಜವೇ ಎಂಬ ಅನುಮಾನ ಬಂತು.

ಶುಕ್ರವಾರ ಏಳಕ್ಕೆ ಯಲಬುರ್ಗಾ ಬಸ್. ಮಳೆ ಹೋಗಿ ವಾರವಾಗಿತ್ತು, ಎರೆಮಣ್ಣು ಇನ್ನೂ ಕಪ್ಪಗಿತ್ತು. ಹೆಸರುಕಾಳು ಬಿಡಿಸುವ ಕಾಲ. ಜನ ಒಣಗಿದ ಗಿಡಗಳನ್ನು ಡಾಂಬರಿನ ಮೇಲೆ ಹರಡಿದ್ದರು. ನಮ್ಮ ಬಸ್ಸು ಚಟಪಟ ಕಾಯಿ ಒಡೆಯುತ್ತ ಹೋಯಿತು. “ಕೂಲಿ ಯಾವಾಗ ಕೊಡ್ತೀರಿ?” ಎಂದು ಡ್ರೈವರ್ ಕಿಟಕಿಯಿಂದ ಕೂಗಿದ. “ನಿನಗ ಸಂಕ್ರಾಂತಿಗೆ!” ಎಂದಳು ಕಸಬರಿಗೆ ಹಿಡಿದ ಹೆಂಗಸು. ಯಲಬುರ್ಗಾದಲ್ಲಿ ಇಳಿದು, ಇಪ್ಪತ್ತು ರೂಪಾಯಿಗೆ ಟಂಟಂ ಆಟೋ ಹತ್ತಿ ಹನ್ನೆರಡು ಕಿಲೋಮೀಟರ್ ದೂರದ ಆ ಹಳ್ಳಿಗೆ ಹೋದೆ.

ಹೆಡ್ ಮಾಸ್ತರರು ಬಾಗಿಲಲ್ಲೇ ಕಾದಿದ್ದರು. ಹೋದ ವರ್ಷ ಟ್ರಸ್ಟಿನ ಹಣಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದರಂತೆ. “ಬ್ಯಾಗ್ ತುಗೊಂಡು ಬಂದ್ರು, ಪಂಚಮಿಗೆ ಊರಿಗೆ ಹೋಗ್ತೀನಂತ ಬ್ಯಾಗ್ ತುಗೊಂಡ ಹೋದ್ರು. ಪಂಚಮಿ ಇನ್ನೂ ಮುಗದಿಲ್ಲ ಅವರ್ದು. ಅವತ್ತಿನಿಂದ ಹತ್ತನೇ ಕ್ಲಾಸಿನ ಹುಡುಗ್ರನ್ನ ದಾಟಿಸಿದಾಕಿ ನಮ್ಮ ಶಾರದಾ ಅಕ್ಕೋರು. ಈಗ ಯಲಬುರ್ಗಾದ ಪ್ರೈವೇಟ್ ಸಾಲ್ಯಾಗ ಹೆಚ್ಚಿನ ಪಗಾರಕ್ಕ ಕರದಾರ. ಸೋಮವಾರ ಹೇಳಬೇಕಂತ. ಅವರು ಹೋದ್ರ ಗಣಿತದ ಪೀರಿಯಡ್ಡಿನ್ಯಾಗ ನಾ ಹುಡುಗ್ರಿಗೆ ಕತಿ ಹೇಳಬೇಕಾಗತೈತ್ರಿ.”

ಕೊನೆಯ ಕೋಣೆಯಲ್ಲಿ ಶಾರದಾ ತ್ರಿಕೋನಗಳನ್ನು ಬಿಡಿಸುತ್ತಿದ್ದರು. ಮೂವತ್ತೈದರ ಆಸುಪಾಸು, ಕೈಗೆಲ್ಲ ಸೀಮೆಸುಣ್ಣ. ಹಲಗೆಗೆ ಬಂದ ಹುಡುಗಿ ತಪ್ಪು ಬರೆದಾಗ ಅಳಿಸಲು ಬಿಡಲಿಲ್ಲ. “ಇರಲಿ, ಎಲ್ಲೆ ದಾರಿ ತಪ್ಪಿತಂತ ಅದ ಹೇಳತೈತಿ,” ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ಪಾಠ ಕೇಳಿದೆ.

ಊಟಕ್ಕೆ ಅವರ ಮನೆಗೇ ಕರೆದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಓಣಿಯ ಅಜ್ಜಿಯೊಬ್ಬಳು ಬಾಗಿಲಲ್ಲಿ ನಿಂತು ಕೂಗಿದಳು: “ಏ ಗಂಗಾವತ್ಯಾಕಿ, ಯಾರ್ ಬಂದಾರವಾ?”

ತುತ್ತು ಕೈಯಲ್ಲೇ ನಿಂತಿತು. “ನಿಮ್ಮ ತವರು ಗಂಗಾವತಿಯೇ?”

“ಹೌದ್ರಿ. ನಮ್ಮ ಕಡೆ ಸೊಸೀನ್ನ ಹೆಸರಿಟ್ಟು ಯಾರು ಕರೀತಾರ? ಕೊಟ್ಟ ಊರಾಗ ಮುದುಕಿ ಆಗಿ ಸತ್ರೂ ತವರೂರಿನ ಹೆಸರ.”

“ಹಾಗಾದರೆ ನೀವು ಹೊರಗಿನವರೇ! ಅರ್ಜಿಯಲ್ಲಿ ಗಂಗಾವತಿ ಅಂತ ಬರೆದಿದ್ದರೆ ಹಣ ಬಂದುಬಿಡುತ್ತಿತ್ತು. ಈಗಲೂ ಆಗುತ್ತದೆ, ಇಲ್ಲೇ ತಿದ್ದಿಬಿಡಿ.” ಪೆನ್ನು ತೆಗೆದೇಬಿಟ್ಟೆ.

ಶಾರದಾ ಪೆನ್ನು ಮುಟ್ಟಲಿಲ್ಲ. “ಹದಿನಾಲ್ಕು ವರ್ಷ ಆತ್ರಿ ಸರ, ಈ ಓಣ್ಯಾಗ ಹೊರಗಿನಾಕಿ ಅನಿಸಿಕೊಂಡು. ಅರ್ಜ್ಯಾಗರ ಈ ಊರಾಕಿ ಆಗೋಣಂತ ಬರದೆ. ಈಗ ನಾಲ್ಕು ಸಾವಿರಕ್ಕ ಅದನ್ನೂ ಅಳಸಲೇನು?”

“ನಿಯಮ ಹಾಗಿದೆ…”

“ನಿಯಮ ಯಾರು ಬರದಾರ?”

ಒಪ್ಪಿಕೊಳ್ಳಬೇಕಾಯಿತು. ರೊಟ್ಟಿ ಬಡಿಯುತ್ತಿದ್ದ ಅವರ ಅತ್ತೆ ಕೈ ನಿಲ್ಲಿಸಿ ನನ್ನನ್ನು ನೋಡಿದರು.

“ಹಂಗಾದ್ರ ನೀವ ಹೇಳ್ರಿ,” ಎಂದರು ಶಾರದಾ. “ಬಿಟ್ಟು ಹೋಗಾವ್ರಿಗೆ ರೊಕ್ಕ, ಇರಾವ್ರಿಗೆ ಶಾಭಾಸ್‌ಗಿರಿ. ನಾ ಒಂದು ತಿಂಗಳು ಕೊಪ್ಪಳದಾಗ ಖೋಲಿ ಹಿಡದು ಇದ್ದು, ಬ್ಯಾಗ್ ತುಗೊಂಡು ಹೊಳ್ಳಿ ಬಂದ್ರ ಕೊಡ್ತೀರೇನು? ಊರಾಗ ಇರಾಕಿ ಹೆಂಗೂ ಇರ್ತಾಳಂತ ನಿಮಗ ಯಾರು ಹೇಳಿದ್ರು? ಸೋಮವಾರ ಹೂಂ ಅಂದ್ರ ದಿನಾ ಮುಂಜಾನೆ ಬಸ್ಸಿಗೆ ಯಲಬುರ್ಗಾಕ್ಕ ಹೋಗ್ತೀನಿ. ಮನಿ ಇಲ್ಲೇ ಇರತೈತಿ. ಸಾಲಿ ಖಾಲಿ ಆಗತೈತಿ.”

ನನ್ನ ಬಳಿ ಅರ್ಥಶಾಸ್ತ್ರದ ಪಾರಿಭಾಷಿಕ ಪದಗಳಿದ್ದವು. ಅವುಗಳನ್ನು ಹಿಂಡಿಯ ಜೊತೆ ನುಂಗಿದೆ. ಹೊರಡುವಾಗ ಟಂಟಂವರೆಗೆ ಬಂದ ಶಾರದಾ, “ಅರ್ಜಿ ತಿದ್ದಬ್ಯಾಡ್ರಿ, ಹೇಳೇನಿ,” ಎಂದು ಬೆರಳು ಎತ್ತಿ ತೋರಿಸಿದರು.

ಶನಿವಾರ ಬೆಳಿಗ್ಗೆ ಕೊಪ್ಪಳ ತಲುಪಿದೆ. ಮಧ್ಯಾಹ್ನದ ರೈಲಿಗೆ ಧಾರವಾಡದ ಟಿಕೆಟ್ ತೆಗೆದಿದ್ದೆ. ಅಲ್ಲೇ ಪಕ್ಕದ ಭಾಗ್ಯನಗರದ ಗೆಳೆಯನ ಮನೆಯಲ್ಲಿ ಸ್ನಾನ ಮುಗಿಸಿ ಸುಬ್ಬರಾಯರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಖುಷಿಯೋ ಖುಷಿ.

“ತವರು ನಮ್ಮ ಗಂಗಾವತಿ? ಮುಗೀತಲ್ರಿ ಸರ! ಒಂದು ಶಬ್ದ ತಿದ್ದಿ ನಾನ ಸಹಿ ಮಾಡಿ ಸಿಕ್ಕಾ ಹೊಡೀತೀನಿ. ನೀವು ಆರಾಮ ರೈಲು ಹತ್ರಿ.”

“ಅರ್ಜಿ ಮುಟ್ಟಬೇಡಿ. ತಪ್ಪಿರುವುದು ನನ್ನ ಮೂರನೆಯ ನಿಯಮದಲ್ಲಿ. ಅದನ್ನು ತೆಗೆಯಬೇಕು.”

“ಅಯ್ಯ, ಯಾಕ ದೊಡ್ಡದು ಮಾಡ್ತೀರಿ? ಹಿರ್ಯಾರು ನನ್ನ ಕೇಳ್ತಾರ.”

“ನನ್ನನ್ನು ಕೇಳಲಿ. ನಾಲ್ಕಕ್ಕೆ ಅಲ್ಲಿರುತ್ತೇನೆ.”

ರೈಲಿನ ಟಿಕೆಟ್ ಜೇಬಿನಲ್ಲೇ ಉಳಿಯಿತು. ಮತ್ತೆ ಗಂಗಾವತಿ ಬಸ್, ಮತ್ತೆ ಅದೇ ಗದ್ದೆ, ಅದೇ ಕೆಸರಿನ ವಾಸನೆ. ಸಭೆಯಲ್ಲಿ ಐದು ಜನ ಹಿರಿಯರಿದ್ದರು. ನೀವೇ ಬರೆದದ್ದು, ನೀವೇ ಒಡೆಯುತ್ತಿದ್ದೀರಿ ಎಂದರು. ಹೌದು ಎಂದೆ. ನಾಳೆ ಊರೂರಿನ ಸೊಸೆಯಂದಿರು ಅರ್ಜಿ ಹಾಕಿದರೆ ಎಂದರು. ಗಣಿತ ಬಂದರೆ ಹಾಕಲಿ ಎಂದೆ. ಎಲ್ಲರಿಗಿಂತ ವಯಸ್ಸಾದವರು ಕೇಳಿದರು: “ಹೆಂಗೂ ಊರಾಗ ಇರಾಕಿಗೆ ಯಾಕ ಕೊಡಬೇಕ್ರಿ, ಸರ? ಇದು ನಿಮ್ಮದ ಮಾತು.”

“ನನ್ನ ಮಾತು ತಪ್ಪು. ನಾನು ಟ್ರಂಕು ನೋಡಿ ಮಾಸ್ತರರನ್ನು ಗುರುತಿಸಿದವನು,” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದ್ದರಿಂದ ಕುಷ್ಟಗಿಯ ಕತೆ ಹೇಳಿದೆ. ಪೊಲೀಸನ ಭಾಗಕ್ಕೆ ಬಂದಾಗ ಅವರು ಹೊಟ್ಟೆ ಹಿಡಿದು ನಕ್ಕರು. ನಗು ನಿಂತಾಗ ನಾನು ಅವರ ಮುಂದೆಯೇ ಮೂರನೆಯ ನಿಯಮಕ್ಕೆ ಅಡ್ಡಗೆರೆ ಎಳೆದೆ. ಇಬ್ಬರು ಬೇಡವೆಂದರು, ಮೂವರು ಸಹಿ ಹಾಕಿದರು. ಈ ವರ್ಷಕ್ಕೆ ಮಾತ್ರ ಎಂದೂ ಸೇರಿಸಿದರು. ಮುಂದಿನ ವರ್ಷವೂ ಬಂದು ಜಗಳವಾಡುತ್ತೇನೆ ಎಂದು ಹೇಳಿಯೇ ಎದ್ದೆ.

ಗಿರಣಿಯ ಗೇಟಿನಲ್ಲಿ ನಿಂತು ಶಾರದಾ ಅವರಿಗೆ ಫೋನ್ ಮಾಡಿದೆ. ಹಣ ಮಂಜೂರಾಯಿತು ಎಂದೆ.

“ಸ್ವಂತ ಊರು ತಿದ್ದಿಲ್ಲ ಹೌದಿಲ್ರಿ?”

“ಇಲ್ಲ. ನೀವು ಬರೆದ ಹಾಗೇ ಇದೆ.”

“ಹಂಗಾದ್ರ ತೊಗೋತೀನಿ,” ಎಂದರು.