ಅಜ್ಜ ಅನ್ನ ಬಿಟ್ಟದ್ದು

ಉಚ್ಚಂಗಿದುರ್ಗದ ಶುಗರ್ ಶಿಬಿರದಲ್ಲಿ ಹಿಂದಿನ ಸಲವೂ ಬಂದಿದ್ದ ಅಜ್ಜನೊಬ್ಬನ ರಕ್ತ ಪರೀಕ್ಷೆ ಮಾಡಿದೆ. ಮಷಿನ್ನಿನಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದಷ್ಟೇ ಬಂತು. ಕಾಲಿನ ಹುಣ್ಣು ಬೇರೆ ಮಾಯ್ದಿರಲಿಲ್ಲ. ಆಸ್ಪತ್ರೆಗೆ ಒಯ್ಯಲು ಗಾಡಿ ಕರೆಸಿದೆ.

“ಅನ್ನ ಬಿಡು ಅಂದಿದ್ದೆನಲ್ಲ, ಅಜ್ಜ?”

“ಉಗಾದಿಯಿಂದ ಒಂದ್ ಅಗಳೂ ಮುಟ್ಟಿಲ್ರಿ ಸಿಸ್ಟರ್. ನಮ್ಮಾಕೀನ ಕೇಳ್ರಿ.”

ಪಕ್ಕದಲ್ಲಿದ್ದ ಅಜ್ಜಿ ಉಚ್ಚಂಗೆಮ್ಮನ ಮೇಲೆ ಆಣೆ ಇಟ್ಟಳು.

“ಮತ್ತೆ ಹೊಟ್ಟೆಗೇನು ತಿಂತೀಯ?”

“ಮೂರು ಹೊತ್ತೂ ಮಂಡಕ್ಕಿ. ಉಫ್ ಅಂದ್ರ ಹಾರಿ ಹೊಕ್ಕೈತಿ, ಅದ್ರಾಗೇನೈತ್ರಿ?”

“ಅದನ್ನೂ ಅಕ್ಕಿ ಹುರಿದೇ ಮಾಡೋದು, ಅಜ್ಜ.”

ಅಜ್ಜ ಮೂಲೆಯತ್ತ ಕೈ ತೋರಿಸಿದ.

“ಹಂಗಾದ್ರ ಅದೇನ್ರಿ?”

ಅಲ್ಲಿ ಬುಟ್ಟಿ ತುಂಬ ಒಗ್ಗರಣೆ ಮಂಡಕ್ಕಿ ಇತ್ತು. ಪರೀಕ್ಷೆ ಮುಗಿಸಿದವರಿಗೆ ಶಿಬಿರದವರೇ ಕೊಡುವ ನಾಷ್ಟಾ.