ಐಲೆರ್ಟ್ ಹೇಳದೆ ಉಳಿಸಿಕೊಂಡ ಅರ್ಥ

ಐಲೆರ್ಟ್ ಎದ್ದು ನಿಂತ, ಬಾಯಿ ತೆರೆದ, ಏನೂ ಹೇಳದೆ ಕೂತುಬಿಟ್ಟ. ಅವನು ಮಾಡಿದ್ದು ಇಷ್ಟೇ. ಹನ್ನೊಂದು ವರ್ಷವಾಯಿತು, ಅವನು ಮಣ್ಣಿಗೆ ಹೋಗಿಯೂ ಹತ್ತು ದಾಟಿತು, ನನ್ನ ಕೋಪ ಮಾತ್ರ ಇಳಿದಿಲ್ಲ. ಕೋಪ ಬಿಡು ಎಂದು ಬುದ್ಧಿ ಹೇಳುವವರು ತಮ್ಮ ಹೆಂಡತಿಯನ್ನು ನಡುಸಭೆಯಲ್ಲಿ ಹಾಗೆ ನಿಲ್ಲಿಸಿ ನೋಡಲಿ, ಆಮೇಲೆ ನನ್ನ ಹತ್ತಿರ ಬರಲಿ.

ಕೆಟ್ಟ ಮನುಷ್ಯ ಅಲ್ಲ ಅವನು. ಬಂದರಿನ ಒಳತುದಿಯ ಹಲಗೆಮನೆಯಲ್ಲಿ ಹೆರಿಂಗ್ ಮೀನು ತುಂಬುವ ಪೀಪಾಯಿ ಕಟ್ಟುತ್ತಿದ್ದ. ಪ್ಲಾಸ್ಟಿಕ್ ಪೀಪಾಯಿ ಬಂದು ಉಳಿದವರೆಲ್ಲ ಬಾಗಿಲು ಹಾಕಿದರೂ ಇವನು ಹಾಕಲಿಲ್ಲ. ಮದುವೆಯಾಗಿರಲಿಲ್ಲ. ಪೀಪಾಯಿ ಮುಗಿದ ಮೇಲೆ ಬೆರಳ ಗಿಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕಿವಿಗೊಟ್ಟು, ನೀರು ಸೋರುವ ಜಾಗ ಇದೇ ಎಂದು ಬೊಟ್ಟಿಡುತ್ತಿದ್ದ. ಮಾತು ಕಡಮೆ, ಆಡಿದರೂ ಅರ್ಧ ನುಂಗಿದ ನಮ್ಮ ದ್ವೀಪದ ಮಾತು. ಆದರೆ ಭಾನುವಾರ ನಾವು ಪ್ರಾರ್ಥನೆಗೆ ಸೇರುವ ಬೇತೇಲ್ ಸಭಾಮನೆಯಲ್ಲಿ ಅವನ ಮೇಲೆ ಅರ್ಥ ಬಂತೆಂದರೆ, ಅಜ್ಜಂದಿರ ಕಾಲದ ಬೈಬಲ್ ಓದಿದ ಹಾಗೆ ಒಂದೊಂದು ಪದವೂ ಇಡಿಯಾಗಿ ಹೊರಗೆ ಬೀಳುತ್ತಿತ್ತು. ದನಿಗೂ ವಯಸ್ಸಾಗಿರುತ್ತಿತ್ತು.

“ಅದು ಐಲೆರ್ಟ್ ಅಲ್ಲ ಕಣೋ ಸಿವೆರ್ಟ್,” ಎನ್ನುತ್ತಿದ್ದಳು ನನ್ನ ಅಮ್ಮ. “ಐಲೆರ್ಟನ ಅಂಗಿ ಹಾಕ್ಕೊಂಡು ಬೇರೆ ಯಾರೋ ನಿಂತಿರ್ತಾರೆ.”

ಬೇತೇಲಿನಲ್ಲಿ ನಮಗೊಂದು ಕಟ್ಟಳೆ ಇದೆ. ಯಾರಾದರೂ ದೇವರ ಆತ್ಮ ತುಂಬಿ, ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಗಟ್ಟಿಯಾಗಿ ನುಡಿದರೆ, ನುಡಿ ನಿಂತ ಮೇಲೆ ಎಲ್ಲರೂ ಸುಮ್ಮನಾಗಬೇಕು. ಅರ್ಥ ಹೇಳುವ ವರ ಇದ್ದವನು ಎದ್ದು ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಅರ್ಥ ಬಾರದೇ ಹೋದರೆ ನುಡಿದವರು ಮುಂದೆ ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಆ ನುಡಿ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಯಾರು ಬಲ್ಲರು? ಇಡೀ ದ್ವೀಪದಲ್ಲಿ ಆ ವರ ಇದ್ದದ್ದು ಐಲೆರ್ಟ್ ಒಬ್ಬನಿಗೆ.

ನನ್ನ ಹೆಂಡತಿ ಬೆರ್ಗಿತ್ ಆತ್ಮನ ದೀಕ್ಷಾಸ್ನಾನಕ್ಕಾಗಿ, ಅಂದರೆ ಆ ನುಡಿ ತನ್ನ ಬಾಯಿಗೂ ಬರಲೆಂದು, ಹತ್ತೊಂಬತ್ತು ವರ್ಷ ಕಾದವಳು. ನನ್ನಂಥ ಮುಂಗೋಪಿಗೆ ಹದಿನೇಳನೆಯ ವಯಸ್ಸಿನಲ್ಲೇ ಸಿಕ್ಕಿತ್ತು, ಅದೂ ದೋಣಿಯ ಎಂಜಿನ್ ಬಿಚ್ಚಿಕೊಂಡು ಮೊಣಕೈವರೆಗೆ ಎಣ್ಣೆಯಲ್ಲಿದ್ದಾಗ. ಅವಳು ಪ್ರತಿ ಸಭೆಯ ಕೊನೆಗೂ ಮುಂದೆ ಹೋಗಿ ಮೊಣಕಾಲೂರುವಳು, ಹಿರಿಯರು ತಲೆಯ ಮೇಲೆ ಕೈಯಿಡುವರು, ಅವಳು ಬರಿಗೈಯಲ್ಲಿ ಎದ್ದು ಬರುವಳು.

“ಒಳಗೆ ಏನನ್ನೋ ಬಿಗಿಹಿಡ್ಕೊಂಡಿದ್ದೀಯ ಕಣೆ, ಬಿಟ್ಬಿಡು,” ಎಂದಿದ್ದಳು ಒಮ್ಮೆ ಕಾಫಿ ಹಂಚುವ ಮಗ್ನಿಲ್ಡ್.

“ಇನ್ನೇನು ಬಿಡ್ಲಿ ತಾಯಿ? ನಿನ್ನ ಕಾಫಿ ಒಂದು ಉಳಿದಿದೆ. ಅದನ್ನ ಬಿಡೋದೇನೂ ಕಷ್ಟ ಇಲ್ಲ,” ಎಂದಿದ್ದಳು ಬೆರ್ಗಿತ್. ನಗುತ್ತಲೇ ಹೇಳಿದಳು. ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಫೆಬ್ರವರಿಯ ಆ ಭಾನುವಾರ ಬೆಳಗ್ಗೆ ಎರಡನೆಯ ಹಾಡು ಮುಗಿದಿತ್ತು. ಬೆರ್ಗಿತ್ ನನ್ನ ಪಕ್ಕದಿಂದ ಎದ್ದಳು. ಅವಳ ಬಾಯಿಂದ ಬಂದ ದನಿ ಅವಳದಲ್ಲ. ತಗ್ಗಿನ ದನಿ, ನಿಧಾನದ್ದು, ಬಹಳ ಕಾಲ ಬಾಯಿಲ್ಲದೆ ಇದ್ದವರಿಗೆ ಬಾಯಿ ಸಿಕ್ಕಿದ ಹಾಗೆ. ಅಡಿಗೆಮನೆಯಲ್ಲಿ ಬಟ್ಟಲು ಜೋಡಿಸುತ್ತಿದ್ದ ಮಗ್ನಿಲ್ಡ್ ಬಾಗಿಲಿಗೆ ಬಂದು ನಿಂತಳು. ಹಿಂದಿನ ಬೆಂಚಿನ ಮಕ್ಕಳು ಅಳಲೂ ಇಲ್ಲ, ಅಲ್ಲಾಡಲೂ ಇಲ್ಲ. ನಾನು ಬೇರೊಂದನ್ನು ನೋಡಿದೆ. ಅಷ್ಟುದ್ದ ನುಡಿದರೂ ಅವಳು ಒಮ್ಮೆಯೂ ಉಸಿರು ಎಳೆದುಕೊಳ್ಳಲಿಲ್ಲ. ಎಂಜಿನ್ ರಿಪೇರಿ ನನ್ನ ಕಸುಬು, ಗಾಳಿಯಿಲ್ಲದೆ ಯಾವುದೂ ಓಡುವುದಿಲ್ಲ.

ನುಡಿ ನಿಂತಿತು. ಐಲೆರ್ಟ್ ಎದ್ದ. ಮುಖ ಬೂದಿಯಾಗಿತ್ತು. ಬಾಯಿ ತೆರೆದ, ನನ್ನ ಹೆಂಡತಿಯನ್ನು ನೋಡಿದ, ಕೂತ. ಸಭೆಯ ಹಿರಿಯ ಟೋರ್ಮೋದ್ ಗಡಿಯಾರ ನೋಡುತ್ತ ಕಾದ, ಇನ್ನಷ್ಟು ಕಾದ, ಆಮೇಲೆ ಹಾಡಿನ ನಂಬರು ಹೇಳಿದ. ಸಭೆ ಮುಗಿದು ಕಾಫಿಗೆ ಕೂತಾಗ ಬೆರ್ಗಿತಳ ಎರಡೂ ಪಕ್ಕದ ಕುರ್ಚಿ ಖಾಲಿ. ಒಂದರಲ್ಲಿ ನಾನು ಕೂತೆ. ಇನ್ನೊಂದು ಖಾಲಿಯೇ ಉಳಿಯಿತು.

ಆ ವಾರವೇ ಟೋರ್ಮೋದ್ ಮನೆಗೆ ಬಂದು, ಅರ್ಥ ಬರುವವರೆಗೆ ಬೆರ್ಗಿತ್ ಸಭೆಯಲ್ಲಿ ಮೌನವಾಗಿರಬೇಕು ಎಂದು ಮೆತ್ತಗೆ ಹೇಳಿ ಹೋದ. ಅವಳು ಮನೆಯಲ್ಲೂ ಹಾಡುವುದು ಬಿಟ್ಟಳು. ಬ್ರೆಡ್ಡಿನ ಹಿಟ್ಟು ನಾದುತ್ತ ನಾದುತ್ತ ಕೈ ನಿಲ್ಲಿಸಿ, ಗಂಟಲ ಮೇಲೆ ಬೆರಳಿಟ್ಟುಕೊಳ್ಳುವಳು.

“ಸಿವೆರ್ಟ್, ಯಾರು ಮಾತಾಡಿದ್ದು?”

“ಆತ್ಮ. ಮತ್ಯಾರು?”

“ನೀನು ಹೇಳಿದ್ರೆ ಆಯ್ತಾ? ನನ್ನೊಳಗೆ ಯಾರು ಬಂದು ಹೋದ್ರು ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾಗೋವರೆಗೆ ಬಾಯಿ ತೆರೆಯೋಕೆ ಹೆದರಿಕೆ ಆಗುತ್ತೆ.”

ನಾನು ಎದ್ದು ಐಲೆರ್ಟನ ಹಲಗೆಮನೆಗೆ ಹೋದೆ. ಮಟಮಟ ಮಧ್ಯಾಹ್ನ, ಅವನು ಹಲಗೆ ಹೆರೆಯುತ್ತಿದ್ದ. ನಾನು ಎದುರಿಗಿದ್ದ ಪೀಪಾಯಿಗೆ ಒದ್ದೆ.

“ಒದೀಬೇಡ, ಅದಕ್ಕೆ ಗಿರಾಕಿ ಇದ್ದಾನೆ,” ಎಂದ ತಲೆ ಎತ್ತದೆ.

“ಅರ್ಥ ಬರಲಿಲ್ಲ ಅಂತ ಹೇಳೋಕೆ ಏನಾಗಿತ್ತು ನಿನಗೆ? ಎದ್ದಿದ್ದು ಯಾಕೆ ಮತ್ತೆ?”

“ಬಂತು ಮಾರಾಯ. ಬಂದಿದ್ದಕ್ಕೇ ಎದ್ದೆ.”

ನನ್ನ ಕೈ ಅವನ ಕೊರಳಪಟ್ಟಿಯ ಮೇಲಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. ಯೋನಾಸನ ಹೆಸರೆತ್ತಿದ. ನಾನೇ ಕೈ ತೆಗೆದೆ.

ಯೋನಾಸ್ ಅವನ ತಮ್ಮ. ಮಹಾಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲದಲ್ಲಿ, ಒಬ್ಬ ಮುದುಕಿಯ ನುಡಿಗೆ ಐಲೆರ್ಟ್ ಅರ್ಥ ಹೇಳಿದ್ದ: ಮಿಕಲ್ ಈ ವಾರ ಕಡಲಿಗೆ ಇಳಿಯದಿರಲಿ. ನಮ್ಮ ಸಭೆಯ ಮೀನುಗಾರ ಮಿಕಲ್ ದಡದಲ್ಲಿ ಉಳಿದ. ದೋಣಿಗೆ ಒಂದು ಆಳು ಕಡಮೆಯಾಯಿತೆಂದು ಯೋನಾಸ್ ಹೋದ. ಆರು ಜನರನ್ನು ಹೊತ್ತ ಆ ದೋಣಿ ಮರಳಲಿಲ್ಲ. ಬೇತೇಲಿನಲ್ಲಿ ಸ್ತೋತ್ರವೋ ಸ್ತೋತ್ರ, ಮಾತು ನಿಜವಾಯಿತು, ಮಿಕಲ್ ಉಳಿದ ಎಂದು. ಮಿಕಲ್ ಪ್ರತಿ ಕ್ರಿಸ್ಮಸ್ಸಿಗೂ ಹೊಗೆಯಲ್ಲಿ ಒಣಗಿಸಿದ ಕುರಿತೊಡೆ ಕಳಿಸುತ್ತಿದ್ದ. ಐಲೆರ್ಟ್ ಅದನ್ನು ಕಡಲಹಕ್ಕಿಗಳಿಗೆ ಹಾಕುತ್ತಿದ್ದ. ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದನ್ನು ಅವನು ಅವತ್ತು ಹೇಳಿದ.

“ಆಮೇಲಿಂದ ಗಟ್ಟಿ ಮಾತು ಬಂದ್ರೆ ಹೆರೆದು ಹೇಳ್ತಾ ಬಂದೆ. ಸಾವು ಬಂದ್ರೆ ಕಷ್ಟ ಅಂದೆ. ಕಷ್ಟ ಬಂದ್ರೆ ಎಚ್ಚರಿಕೆ ಅಂದೆ. ಇಪ್ಪತ್ತೇಳು ವರ್ಷ, ಸಿವೆರ್ಟ್. ನಿನ್ನ ಹೆಂಡತಿಯದರಲ್ಲಿ ಹೆರೆಯೋಕೆ ಜಾಗ ಇರಲಿಲ್ಲ. ಅದರಲ್ಲಿ ಸಾವಿತ್ತು, ಸಾವಿನ ಜೊತೆ ಒಂದು ಹೆಸರಿತ್ತು.”

“ಯಾರದು?”

“ನಮ್ಮ ಸಭೆಯವರದು.”

ನನ್ನ ಹೆಸರೋ ಎಂಬ ಮಾತು ಬಾಯಿಗೆ ಬಂತು. ಕೇಳಲಾಗಲಿಲ್ಲ. ಬೆರ್ಗಿತಳದೋ ಎಂದಂತೂ ಕೇಳಲು ಆಗಲೇ ಇಲ್ಲ.

“ಅರ್ಥ ಬೇಡ,” ಎಂದೆ. “ಅದು ದೇವರ ಆತ್ಮನ ನುಡಿ ಅಂತಷ್ಟು ಎದ್ದು ಹೇಳು. ಅವಳು ಉಸಿರಾಡಲಿ.”

“ಅಷ್ಟು ಹೇಳಿದ್ರೆ ಮಿಕ್ಕಿದ್ದು ಕೇಳ್ತಾರೆ.” ಹೆರೆದ ಹಲಗೆ ಸವರಿದ. “ಪಂಚಾಶತ್ತಮ ಹಬ್ಬಕ್ಕೆ ಹೇಳ್ತೀನಿ. ಎದ್ದು ಹೇಳ್ತೀನಿ.”

ಶಿಷ್ಯರ ಮೇಲೆ ದೇವರ ಆತ್ಮ ಇಳಿದ ನೆನಪಿನ ಹಬ್ಬ ಅದು, ಅವತ್ತು ಸಭಾಮನೆ ತುಂಬಿತ್ತು, ಕಿಟಕಿಗಳಲ್ಲಿ ಬಿಸಿಲು. ಐಲೆರ್ಟ್ ಎದ್ದ. ಬೆರ್ಗಿತ್ ನನ್ನ ಕೈ ಹಿಡಿದಳು. “ಫೆಬ್ರವರಿಯಲ್ಲಿ ನಮ್ಮ ಸಭೆಯ ಸಹೋದರಿ ಬೆರ್ಗಿತ್...” ಎಂದು ಶುರು ಮಾಡಿದ, ನಮ್ಮ ದ್ವೀಪದ ಮಾತಿನಲ್ಲೇ. ಅಲ್ಲಿಗೆ ಅವನ ದವಡೆ ಅದುರಿತು. ಮುಂದೆ ಅವನ ಬಾಯಿಂದ ಬಂದದ್ದು ಅರ್ಥ ಅಲ್ಲ, ಅವಳ ಆ ನುಡಿಯೇ. ಸದ್ದಿಗೆ ಸದ್ದು, ತಡೆಗೆ ತಡೆ. ಅರವತ್ತೆಂಟು ವರ್ಷದ ಗಂಡಸಿನ ಗಂಟಲಿಂದ ಹೆಣ್ಣಿನ ತಗ್ಗಿದ ದನಿ, ನಡುವೆ ಒಂದೂ ಉಸಿರಿಲ್ಲದೆ. ಬೆರ್ಗಿತಳ ತುಟಿಗಳೂ ಅದರ ಜೊತೆಗೇ ಅಲುಗುತ್ತಿದ್ದವು, ಸದ್ದಿಲ್ಲದೆ. ಅಲುಗಿದ್ದು ಅವಳಿಗೆ ತಿಳಿಯಲಿಲ್ಲ. ನಾನು ನೋಡಿದೆ.

ನಿಂತಿತು. ನಾವೆಲ್ಲ ಸುಮ್ಮನೆ ಕೂತು ಕಾದೆವು. ಕಟ್ಟಳೆಯಂತೆ ಅರ್ಥ ಹೇಳಬೇಕಾದವನು ಅವನೇ. ಅವನು ಬೆಂಚಿನ ಮೇಲೆ ಕುಸಿದು ಕೂತಿದ್ದ.

“ಎರಡು ಬಾಯಿ, ಒಂದೇ ನುಡಿ,” ಎಂದ ಟೋರ್ಮೋದ್ ಕೊನೆಗೆ. “ಇದು ಮನುಷ್ಯರು ಮಾಡಿದ್ದಲ್ಲ.” ಬೆರ್ಗಿತಳ ಮೌನದ ಕಟ್ಟು ತೆಗೆದರು. ಅವತ್ತು ಕಾಫಿಗೆ ಮಗ್ನಿಲ್ಡ್ ಬಂದು ಅವಳ ಪಕ್ಕ ಕೂತಳು, ಆದರೆ ಕುರ್ಚಿಯನ್ನು ಒಂದು ಗೇಣು ದೂರ ಎಳೆದುಕೊಂಡು.

ಐಲೆರ್ಟ್ ಆ ಬೇಸಗೆಯೇ ಹಾಸಿಗೆ ಹಿಡಿದ. ಆಚೆದಡದಲ್ಲಿದ್ದ ಅವನ ತಂಗಿ ಬಂದು ತನ್ನ ಮನೆಗೆ ಕರೆದೊಯ್ದಳು. ಹೆಸರಿನ ವಿಷಯ ನಾನು ಅಷ್ಟರಲ್ಲಿ ಬೆರ್ಗಿತಳಿಗೆ ಹೇಳಿದ್ದೆ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಫೆರಿ ಹತ್ತಿ ನೋಡಲು ಹೋದೆವು. ಬೆರ್ಗಿತ್ ಒಬ್ಬಳೇ ಒಳಗೆ ಹೋಗುತ್ತೇನೆಂದಳು. ನಾನು ಅಂಗಳದಲ್ಲಿ ಹುಲ್ಲು ಕತ್ತರಿಸುವ ಅವರ ಕೆಟ್ಟುನಿಂತ ಯಂತ್ರ ಬಿಚ್ಚಿ ಕೂತೆ. ಅದು ಸರಿಯಾಗುವಷ್ಟರಲ್ಲಿ ಅವಳು ಹೊರಗೆ ಬಂದಳು.

“ಹೇಳಿದನಾ?”

“ಅದು ದೇವರ ಆತ್ಮನೇ ಅಂದ. ಅಷ್ಟು ಗೊತ್ತಾಯ್ತು. ಹೆಸರು ಕೇಳ್ದೆ.” ಅವಳು ಫೆರಿಯ ಕಡೆ ನೋಡುತ್ತಿದ್ದಳು. “‘ನಿನಗೆ ಕೊಡೋದು ಇದೆ, ಗೊತ್ತು ಕಣಮ್ಮ. ಒಮ್ಮೆ ಹೇಳಿ ತಮ್ಮನ್ನ ಕಳಕೊಂಡೆ. ಇದನ್ನ ಕೊಡಲ್ಲ, ಸಾಲಗಾರನಾಗೇ ಹೋಗ್ತೀನಿ’ ಅಂದ.”

ಅಕ್ಟೋಬರಿನಲ್ಲಿ ಹೋದ. ಬೇತೇಲಿನಲ್ಲಿ ಈಗ ಯಾರಾದರೂ ಅನ್ಯಭಾಷೆಯಲ್ಲಿ ನುಡಿದರೆ ಎಲ್ಲರೂ ಸುಮ್ಮನೆ ಕೂರುತ್ತೇವೆ, ಗಡಿಯಾರ ನೋಡಿ, ಹಾಡಿಗೆ ಏಳುತ್ತೇವೆ. ಬೆರ್ಗಿತ್ ಹಾಡುತ್ತಾಳೆ, ತುಸು ಮೆತ್ತಗೆ. ಅವತ್ತಿನಿಂದ ಸಭೆಯ ಒಂಬತ್ತು ಜನ ಸತ್ತಿದ್ದಾರೆ: ಮಿಕಲ್, ಮಗ್ನಿಲ್ಡ್, ಇನ್ನೂ ಆರು ಜನ, ಕಳೆದ ತಿಂಗಳು ಟೋರ್ಮೋದ್. ಪ್ರತಿ ಸಲ ಹೂಳಿ ಮನೆಗೆ ಬಂದ ಮೇಲೆ ಅವಳು ಕೈಗವಸು ಬಿಚ್ಚುತ್ತ ಕೇಳುತ್ತಾಳೆ, “ಆ ಹೆಸರು ಇವರದ್ದೇ ಇರಬಹುದಾ?” ನಾನು ಕಾಫಿಗೆ ನೀರಿಡುತ್ತೇನೆ. ಗೊತ್ತಿದ್ದವನು ಒಬ್ಬನೇ, ಅವನು ಕೊಡದೆ ಹೋದ.